‘ಅನುದಿನದ ಆಹಾರ’: ಗ್ರೀಕ್ ಮೂಲದಲ್ಲಿರುವ ಪದಕ್ಕೆ ಅರ್ಥವೇನು?

ತೋಟದ ರೈಟರ್, ಚಿಕ್ಕಮಗಳೂರು
ಭಾನುವಾರ, ರಾತ್ರಿ 9.10

ಗ್ರೀಕ್ ಬಲ್ಲವರು, ಇಲ್ಲವೇ ನಮ್ಮಂತೆ ತಡವರಿಸುತ್ತಿರುವವರು ಯಾರಾದರೂ ಇದ್ದರೆ ಇದನ್ನೊಮ್ಮೆ ನೋಡಿ.

ಮೂರು ತಿಂಗಳಿಂದ ನಾವು ನಾಲ್ವರು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಒಟ್ಟಿಗೆ ಕುಳಿತು ಹೊಸ ಒಡಂಬಡಿಕೆಯನ್ನು ಗ್ರೀಕಿನಲ್ಲಿ ಓದಲು ಹೆಣಗುತ್ತಿದ್ದೇವೆ. ಕಲಿಸುವವರಿಲ್ಲ. ಹಳೆಯ ವ್ಯಾಕರಣ ಪುಸ್ತಕವೊಂದರ ಜೆರಾಕ್ಸ್ ಪ್ರತಿ, ಮೊಬೈಲಿನಲ್ಲೊಂದು ನಿಘಂಟು, ಇಷ್ಟೇ ಬಂಡವಾಳ. ಬಾಯಿಪಾಠ ಬರುವ ಭಾಗದಿಂದ ಶುರುಮಾಡಿದರೆ ಕಷ್ಟ ಕಡಿಮೆ ಎಂದುಕೊಂಡು ಮತ್ತಾಯನ 6ನೇ ಅಧ್ಯಾಯದ ಪ್ರಾರ್ಥನೆಯನ್ನು ಹಿಡಿದೆವು. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಸಲೀಸಾಗಿ ಮುಗಿಯಿತು. 11ನೇ ವಚನಕ್ಕೆ ಬಂದು ಗಾಡಿ ಹೂತುಕೊಂಡಿತು.

ಕನ್ನಡದಲ್ಲಿ ಎಲ್ಲರಿಗೂ ಗೊತ್ತು: ‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು.’ ಗ್ರೀಕಿನಲ್ಲಿ ‘ಟೊನ್ ಆರ್ಟೊನ್ ಹೆಮೋನ್ ಟೊನ್ ಎಪಿಯೂಸಿಯೊನ್ ಡೊಸ್ ಹೆಮಿನ್ ಸೆಮೆರೊನ್’. ಆರ್ಟೊನ್ ಎಂದರೆ ರೊಟ್ಟಿಯನ್ನು, ಹೆಮೋನ್ ಎಂದರೆ ನಮ್ಮ, ಡೊಸ್ ಎಂದರೆ ಕೊಡು, ಹೆಮಿನ್ ನಮಗೆ, ಸೆಮೆರೊನ್ ಇಂದು. ಉಳಿದದ್ದು ‘ಎಪಿಯೂಸಿಯೊನ್’ ಒಂದೇ. ಅದು ‘ಅನುದಿನದ’ ಆಗಿರಲೇಬೇಕು ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ಆಗಿತ್ತು. ನಿಘಂಟು ತೆರೆದರೆ ಮೂರು ನಾಲ್ಕು ಅರ್ಥಗಳು, ಎಲ್ಲದರ ಮುಂದೆಯೂ ಅನುಮಾನದ ಗುರುತು!

‘ದಿನ’ ಎಂಬುದಕ್ಕೆ ಗ್ರೀಕಿನಲ್ಲಿ ‘ಹೆಮೆರ’. ಈ ಪದದಲ್ಲಿ ಹೆಮೆರದ ಸುಳಿವೇ ಇಲ್ಲ. ದಿನನಿತ್ಯದ್ದು ಎನ್ನಲು ಆ ಭಾಷೆಯಲ್ಲಿ ಪದಗಳಿಗೇನೂ ಬರವಿಲ್ಲ. ಯಾಕೋಬನ ಪತ್ರಿಕೆ 2:15ರಲ್ಲಿ ಆ ದಿನದ ಆಹಾರಕ್ಕೆ ‘ಎಫೆಮೆರೊಸ್’ ಎಂದಿದೆ. ಅಪೊಸ್ತಲರ ಕೃತ್ಯಗಳು 6:1ರಲ್ಲಿ ವಿಧವೆಯರಿಗೆ ದಿನದಿನವೂ ಹಂಚುವುದಕ್ಕೆ ‘ಕಥೆಮೆರಿನೊಸ್’ ಎಂದಿದೆ. ಇವನ್ನೆಲ್ಲ ಬಿಟ್ಟು ಇಲ್ಲಿ ಮಾತ್ರ ಈ ವಿಚಿತ್ರ ಪದ ಏಕೆ? ನಮ್ಮವರು ‘ಅನುದಿನ’ವನ್ನು ಎಲ್ಲಿಂದ ತಂದರು?

---

ಹೇಮಾವತಿ ದಡ, ಹಾಸನ
ಭಾನುವಾರ, ರಾತ್ರಿ 10.25

ರೈಟರೇ, ನೀವು ಹೂತುಕೊಂಡ ಜಾಗದಲ್ಲೇ ಹದಿನೆಂಟು ಶತಮಾನಗಳಿಂದ ದೊಡ್ಡ ದೊಡ್ಡವರೆಲ್ಲ ಹೂತುಕೊಂಡಿದ್ದಾರೆ. ನಾಚಿಕೆಪಡಬೇಕಾಗಿಲ್ಲ.

3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ರೈಸ್ತ ಪಂಡಿತ ಆರಿಜನ್ ಪ್ರಾರ್ಥನೆಯ ಬಗ್ಗೆ ಬರೆದಾಗ ಈ ಪದವನ್ನೇ ಎತ್ತಿಕೊಂಡಿದ್ದಾನೆ. ಗ್ರೀಕ್ ಪಂಡಿತರಾರೂ ಇದನ್ನು ಬಳಸಿಲ್ಲ, ಜನಸಾಮಾನ್ಯರ ಮಾತಿನಲ್ಲೂ ಇಲ್ಲ, ಸುವಾರ್ತೆ ಬರೆದವರೇ ಕಟ್ಟಿದಂತಿದೆ ಎಂಬುದು ಅವನ ಅಭಿಪ್ರಾಯ. ಗ್ರೀಕಿನಲ್ಲೇ ಉಸಿರಾಡಿದವನ ಮಾತು ಇದು. ನಾವು ನೀವು ಯಾವ ಲೆಕ್ಕ?

‘ಅನುದಿನ’ದ ದಾರಿ ಲ್ಯಾಟಿನ್ನಿನಲ್ಲಿ ಚೆನ್ನಾಗಿ ಕಾಣುತ್ತದೆ. ನಮ್ಮ ಅಜ್ಜಿ ಶೆಟ್ಟಿಹಳ್ಳಿಯವರು. ಗೊರೂರಿನ ಅಣೆಕಟ್ಟೆಗೆ ಊರು ಬಿಟ್ಟ ಕುಟುಂಬ ನಮ್ಮದು. ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಎದ್ದು ನಿಲ್ಲುವ ಆ ಇಗರ್ಜಿಯ ಮುಂದೆ ಈಗ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಅಜ್ಜಿಗೆ ಅದು ದೀಕ್ಷಾಸ್ನಾನ ಪಡೆದ ಜಾಗ. ಅಕ್ಷರ ಬಾರದ ಅವರು ‘ಪಾನೆಮ್ ನೊಸ್ತ್ರುಮ್ ಕೊತಿದಿಯಾನುಮ್’ ಎಂದು ಒಂದೂ ತಪ್ಪದೆ ಹೇಳುತ್ತಿದ್ದರು. ಕೊತಿದಿಯಾನುಮ್ ಎಂದರೆ ದಿನನಿತ್ಯದ. ನಮ್ಮ ಕನ್ನಡ ಪ್ರಾರ್ಥನೆಯ ಜಾಡೂ ಅದೇ.

ಸ್ವಾರಸ್ಯ ಮುಂದಿದೆ. 4ನೇ ಶತಮಾನದ ಕೊನೆಯಲ್ಲಿ ಲ್ಯಾಟಿನ್ ಸುವಾರ್ತೆಗಳನ್ನು ತಿದ್ದಿದ ಜೆರೋಮ್, ಲೂಕನ 11:3ರಲ್ಲಿ ಇದೇ ಗ್ರೀಕ್ ಪದಕ್ಕೆ ‘ಕೊತಿದಿಯಾನುಮ್’ ಎಂದು ಇಟ್ಟ. ಮತ್ತಾಯನಲ್ಲಿ ಮಾತ್ರ ‘ಸೂಪರ್‌ಸಬ್‌ಸ್ತಾನ್ಸಿಯಾಲೆಮ್’ ಎಂದು ಬರೆದ. ಎಂದರೆ ‘ಸತ್ತ್ವಕ್ಕೂ ಮೀರಿದ’ ರೊಟ್ಟಿ. ಒಂದೇ ಪದ, ಒಬ್ಬನೇ ಅನುವಾದಕ, ಎರಡು ಅರ್ಥ. ಜನರ ಬಾಯಿಗೆ ಆ ಉದ್ದನೆಯ ಪದ ಹತ್ತಲೇ ಇಲ್ಲ. ಪೂಜೆಯಲ್ಲಿ ಕೊತಿದಿಯಾನುಮ್ ಉಳಿಯಿತು.

---

ಮೂಲವೊಂದೇ
ಸೋಮವಾರ, ಬೆಳಿಗ್ಗೆ 6.50

ಇದರಲ್ಲಿ ಗೊಂದಲವೇನಿದೆ? ಎಪಿ ಎಂದರೆ ಮೇಲೆ, ಊಸಿಯ ಎಂದರೆ ಸತ್ತ್ವ. ಪದದಲ್ಲೇ ಅರ್ಥವಿದೆ: ಸತ್ತ್ವಕ್ಕೆ ಮೇಲಾದ ರೊಟ್ಟಿ, ಇಗರ್ಜಿಯಲ್ಲಿ ಹಂಚುವ ಪ್ರಭುಭೋಜನದ ರೊಟ್ಟಿ. ಮತ್ತಾಯನಲ್ಲಿ ಜೆರೋಮ್ ಹೇಳಿದ್ದೇ ಸರಿ. ಕನ್ನಡದವರು ಅನ್ನ ಸಾರಿನ ಮಟ್ಟಕ್ಕೆ ಇಳಿಸಿ ವಚನವನ್ನೇ ಕೆಡಿಸಿದ್ದಾರೆ. ಮೂಲ ಓದಿದವರಿಗೆ ಅನುವಾದ ಬೇಕಾಗಿಲ್ಲ.

---

ನಿವೃತ್ತ ಮೇಷ್ಟ್ರು, ಹಾಸನ
ಸೋಮವಾರ, ಬೆಳಿಗ್ಗೆ 11.30

ನಾನು ಕ್ರೈಸ್ತನಲ್ಲ. ಮೂವತ್ತು ವರ್ಷ ಸಂಸ್ಕೃತ, ಕನ್ನಡ ಪಾಠ ಹೇಳಿದವನು. ನಿವೃತ್ತಿಯ ಮೇಲೆ ಗ್ರೀಕಿನ ಹುಚ್ಚು ಹಿಡಿಯಿತು. ನಂಬಿಕೆಯ ವಿಷಯ ನಿಮ್ಮದು, ಸಂಧಿಯ ವಿಷಯಕ್ಕೆ ಮಾತ್ರ ಬಾಯಿ ಹಾಕುತ್ತೇನೆ.

‘ಮೂಲವೊಂದೇ’ ಅವರೇ, ನೀವು ಪದವನ್ನು ಬಿಡಿಸಿದ ರೀತಿಯಲ್ಲಿ ಒಂದು ‘ಇ’ಕಾರ ಹೆಚ್ಚಾಗಿ ಉಳಿದುಬಿಟ್ಟಿದೆ.

ಕನ್ನಡದ ಲೋಪಸಂಧಿ ನೆನಪಿಸಿಕೊಳ್ಳಿ. ಬೇರೆ + ಒಬ್ಬ ಸೇರಿದರೆ ಬೇರೊಬ್ಬ. ಹಿಂದಿನ ಸ್ವರ ಬಿದ್ದುಹೋಗುತ್ತದೆ. ಗ್ರೀಕಿನ ‘ಎಪಿ’ಯ ಸ್ವಭಾವವೂ ಹಾಗೆಯೇ. ಎಪಿ + ಎರ್ಖೊಮೈ ಸೇರಿ ಎಪೆರ್ಖೊಮೈ. ಸ್ವರ ಎದುರಾದಾಗ ಎಪಿಯ ಇಕಾರ ಲೋಪ. ಹಾಗಾದರೆ ಎಪಿ + ಊಸಿಯ ಸೇರಿದರೆ ‘ಎಪೂಸಿಯೊಸ್’ ಆಗಬೇಕು. ನಮ್ಮ ಮುಂದಿರುವುದು ‘ಎಪಿಯೂಸಿಯೊಸ್’. ಆ ‘ಇ’ ಯಾರದು?

ಗ್ರೀಕಿನಲ್ಲಿ ಎರಡು ಧಾತುಗಳಿವೆ, ಅವಳಿ ಮಕ್ಕಳಂತೆ. ಒಂದು ‘ಎಯ್ಮಿ’: ಇದ್ದೇನೆ. ಇನ್ನೊಂದೂ ‘ಎಯ್ಮಿ’: ಹೋಗುತ್ತೇನೆ. ಬರೆಯುವಾಗ ಸ್ವರಚಿಹ್ನೆ ನೋಡಿ ಗುರುತು ಹಿಡಿಯಬೇಕು. ಸಂಸ್ಕೃತ ಬಲ್ಲವರಿಗೆ ಇದು ಸುಲಭ. ಮೊದಲನೆಯದು ನಮ್ಮ ‘ಅಸ್’ ಧಾತು, ಅಸ್ಮಿ. ಎರಡನೆಯದು ನಮ್ಮ ‘ಇ’ ಧಾತು, ಏಮಿ, ಏತಿ. ಗ್ರೀಕಿನ ‘ಎಪಿ’ ನಮ್ಮ ‘ಅಪಿ’ಯ ಬಂಧು. ಊಸಿಯ ಎಂಬ ಪದ ಹುಟ್ಟಿದ್ದು ಇರುವುದರಿಂದ, ಅಸ್ ಕಡೆಯಿಂದ. ಆದರೆ ಎಪಿಯ ಜೊತೆಗೆ ‘ಹೋಗು’ ಧಾತು ಸೇರಿ ಕೃದಂತವಾದರೆ, ಸ್ತ್ರೀಲಿಂಗದಲ್ಲಿ ಎಪಿ + ಇಯೂಸ. ಎಪಿಯ ಇಕಾರ ನಿಯಮದಂತೆ ಬಿತ್ತು, ಧಾತುವಿನ ಇಕಾರ ಉಳಿಯಿತು: ಎಪಿಯೂಸ. ಅರ್ಥ, ‘ಬರುತ್ತಿರುವವಳು’. ಹೆಮೆರ ಸ್ತ್ರೀಲಿಂಗವಾದ್ದರಿಂದ ‘ಬರುತ್ತಿರುವ ದಿನ’. ಅಂದರೆ ನಾಳೆ!

ಎಪಿಯೂಸದಿಂದ ಎಪಿಯೂಸಿಯೊಸ್ ಎಂಬ ವಿಶೇಷಣವಾದರೆ ಸಂಧಿಗೆ ಕೂದಲೆಳೆಯಷ್ಟೂ ಪೆಟ್ಟಿಲ್ಲ. ‘ಬರುವ ದಿನದ ರೊಟ್ಟಿಯನ್ನು ಇಂದು ಕೊಡು.’

---

ಮೂಲವೊಂದೇ
ಸೋಮವಾರ, ಮಧ್ಯಾಹ್ನ 1.05

‘ಎಪಿಯೊರ್ಕೊಸ್’ ಎಂಬ ಪದವಿದೆ, ಸುಳ್ಳಾಣೆ ಇಡುವವನು ಎಂದು. ಅಲ್ಲಿ ಇಕಾರ ಬಿದ್ದಿಲ್ಲ. ‘ಪೆರಿಯೂಸಿಯೊಸ್’ ಇದೆ, ತೀತನಿಗೆ ಬರೆದ ಪತ್ರಿಕೆ 2:14ರಲ್ಲಿ. ಅದರಲ್ಲೂ ಬಿದ್ದಿಲ್ಲ. ನಿಯಮಕ್ಕೆ ಅಪವಾದಗಳಿರುತ್ತವೆ ಎಂದು ಮೇಷ್ಟ್ರು ಮಕ್ಕಳಿಗೆ ಹೇಳಿರಲಿಲ್ಲವೇ?

---

ನಿವೃತ್ತ ಮೇಷ್ಟ್ರು, ಹಾಸನ
ಸೋಮವಾರ, ಮಧ್ಯಾಹ್ನ 3.40

ಹೇಳಿದ್ದೆ, ಛಡಿ ಹಿಡಿದೇ ಹೇಳಿದ್ದೆ. ಎಪಿಯೊರ್ಕೊಸ್ ಒಳ್ಳೆಯ ಉದಾಹರಣೆ, ಒಪ್ಪಿದೆ. ಅದರಿಂದಲೇ ನಿಮ್ಮ ಅರ್ಥ ಅಸಾಧ್ಯ ಎನ್ನುವುದಿಲ್ಲ, ದುರ್ಬಲ ಎನ್ನುತ್ತೇನೆ. ಪೆರಿಯೂಸಿಯೊಸ್ ಮಾತ್ರ ನಿಮಗೆ ಸಹಾಯ ಮಾಡುವುದಿಲ್ಲ. ‘ಪೆರಿ’ ಎಂಬ ಉಪಸರ್ಗ ಸ್ವರದ ಮುಂದೆ ತನ್ನ ಇಕಾರವನ್ನು ಬಿಡುವುದೇ ಇಲ್ಲ, ಅದು ಅದರ ಜಾಯಮಾನ. ಎಪಿ ಬಿಡುತ್ತದೆ. ಜಿಪುಣನನ್ನು ತೋರಿಸಿ ದಾನಿಯ ಮೇಲೆ ದೂರು ಹೇಳಬಾರದು. ಆದರೂ ಈ ಎರಡು ಪದಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಲ್ಲಿ ಆರಿಜನ್ ಕೂಡ ಒಬ್ಬ, ಆದ್ದರಿಂದ ನಿಮ್ಮ ಸಂಗ ಸಣ್ಣದಲ್ಲ.

---

ಸಕಲೇಶಪುರದ ಮಳೆ
ಸೋಮವಾರ, ರಾತ್ರಿ 8.15

ಎರಡು ದಿನದಿಂದ ಕರೆಂಟಿಲ್ಲ, ಮೊಬೈಲ್ ಚಾರ್ಜ್ ಉಳಿಸಿಕೊಂಡು ಓದುತ್ತಿದ್ದೇನೆ. ಮೇಷ್ಟ್ರ ‘ಬರುವ ದಿನ’ಕ್ಕೆ ಸಾಕ್ಷಿ ಹೊಸ ಒಡಂಬಡಿಕೆಯಲ್ಲೇ ಇದೆ. ಅಪೊಸ್ತಲರ ಕೃತ್ಯಗಳು 16:11ರಲ್ಲಿ ಪೌಲ ತ್ರೋವದಿಂದ ಹಡಗು ಹತ್ತಿ ‘ಟೇ ಎಪಿಯೂಸೇ’ ನೆಯಾಪೊಲಿಗೆ ಮುಟ್ಟಿದ ಎಂದಿದೆ. ಅಂದರೆ ಮಾರನೆಯ ದಿನ. ಅದೇ ಪುಸ್ತಕದಲ್ಲಿ ಇನ್ನೂ ಕೆಲವು ಕಡೆ ಇದು ಬರುತ್ತದೆ. ಎಪಿಯೂಸಿಯೊಸ್ ಅಪರೂಪವಾದರೂ ಅದರ ತಾಯಿ ಎಪಿಯೂಸ ಮನೆಮಾತು.

ಜೆರೋಮ್ ಕೊಟ್ಟ ಇನ್ನೊಂದು ಸುಳಿವೂ ಇದೆ. ಇಬ್ರಿಯರ ಸುವಾರ್ತೆ ಎಂದು ಕರೆಯುತ್ತಿದ್ದ, ಈಗ ಕಳೆದುಹೋಗಿರುವ ಪುಸ್ತಕದಲ್ಲಿ ಈ ಜಾಗದಲ್ಲಿ ‘ಮಾಹರ್’ ಎಂದಿತ್ತು ಎಂದು ಅವನು ಬರೆದಿಟ್ಟಿದ್ದಾನೆ. ಮಾಹರ್ ಎಂದರೆ ನಾಳೆ. ಯೇಸು ಮಾತಾಡಿದ್ದು ಅರಾಮಿಕ್‌ನಲ್ಲಿ ಎಂಬುದನ್ನು ‘ಮೂಲವೊಂದೇ’ ಅವರು ಮರೆಯಬಾರದು. ನಾವು ಮೂಲ ಎನ್ನುತ್ತಿರುವ ಗ್ರೀಕೇ ಒಂದು ಅನುವಾದ. ಇನ್ನು ಅರಾಮಿಕ್‌ನದೇ ಒಂದು ರೂಪವಾದ ಸಿರಿಯಾಕ್‌ನ ಬೈಬಲ್ ಅನುವಾದ ಪೆಶಿತ್ತಾದವರು ‘ನಮ್ಮ ಅಗತ್ಯದ ರೊಟ್ಟಿ’ ಎಂದರು. ಅದಕ್ಕಿಂತ ಹಳೆಯ ಸಿರಿಯಾಕ್ ಪ್ರತಿಯೊಂದರಲ್ಲಿ ‘ಎಡೆಬಿಡದ ರೊಟ್ಟಿ’ ಎಂದಿದೆ. ಅರಾಮಿಕ್‌ನ ಒಡಹುಟ್ಟಿದವರಿಗೇ ಒಮ್ಮತವಿಲ್ಲ.

‘ನಾಳೆ’ಯ ಪಕ್ಷಕ್ಕೆ ಒಂದು ತೊಡಕು. ಅದೇ ಅಧ್ಯಾಯದ 34ನೇ ವಚನದಲ್ಲಿ ನಾಳಿನ ವಿಷಯಕ್ಕೆ ಚಿಂತೆ ಮಾಡಬೇಡಿ ಎಂದು ಅದೇ ಯೇಸು ಹೇಳುತ್ತಾನೆ. ಅಲ್ಲಿ ನಾಳೆಗೆ ‘ಔರಿಯೊನ್’ ಎಂಬ ಸರಳ ಪದವಿದೆ. ನಾಳಿನ ರೊಟ್ಟಿ ಎನ್ನಬೇಕಾಗಿದ್ದರೆ ಮತ್ತಾಯ ಔರಿಯೊನ್ ಅನ್ನೇ ಬಳಸಬಹುದಾಗಿತ್ತಲ್ಲ? ಮತ್ತೆ, ನಾಳಿನ ಚಿಂತೆ ಬೇಡ ಎಂದವನೇ ನಾಳಿನ ರೊಟ್ಟಿ ಬೇಡಲು ಕಲಿಸಿಯಾನೇ?

ಲೂಕನ ಪಾಠವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಮತ್ತಾಯ ‘ಡೊಸ್’ ಎನ್ನುತ್ತಾನೆ: ಒಮ್ಮೆಗೆ ಕೊಡು, ಇಂದು. ಲೂಕ ‘ಡಿಡೂ’ ಎನ್ನುತ್ತಾನೆ: ಕೊಡುತ್ತಲೇ ಇರು, ‘ಟೊ ಕಥ್ ಹೆಮೆರಾನ್’, ದಿನದಿನವೂ. ರೈಟರು ಹುಡುಕುತ್ತಿದ್ದ ಹೆಮೆರ ಲೂಕನ ವಾಕ್ಯದ ಕೊನೆಯಲ್ಲಿ ಕುಳಿತಿದೆ, ಎಪಿಯೂಸಿಯೊಸ್‌ನ ಒಳಗಲ್ಲ. ಎಪಿಯೂಸಿಯೊಸ್ ಎಂದರೇ ದಿನನಿತ್ಯದ ಎಂದಾಗಿದ್ದರೆ ಲೂಕ ಒಂದೇ ಮಾತನ್ನು ಎರಡು ಸಲ ಹೇಳಿದಂತಾಗುತ್ತದೆ.

---

ಬೇಲೂರಿನವಳು
ಸೋಮವಾರ, ರಾತ್ರಿ 10.50

ನಿಮ್ಮ ವ್ಯಾಕರಣ ನನಗೆ ಅರ್ಧ ಅರ್ಥವಾಯಿತು. ಆದರೆ ‘ಅಗತ್ಯದಷ್ಟು’ ಎಂದ ಕೂಡಲೇ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ಕಲ್ಯಾಣದಲ್ಲಿ ಗಂಡ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಇಷ್ಟೇಕೆ ತಂದೆ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದವಳು ಅವಳು. ನಾಳೆಯ ಅಕ್ಕಿ ಇಂದು ಮನೆಯಲ್ಲಿರುವುದೇ ಅವಳಿಗೆ ತಪ್ಪು. ಮೇಷ್ಟ್ರ ಅರ್ಥ ಹಿಡಿದರೆ ನಿಮ್ಮ ಪ್ರಾರ್ಥನೆ ಲಕ್ಕಮ್ಮನ ಹೊಸ್ತಿಲು ದಾಟಲಾರದು!

---

ಹೇಮಾವತಿ ದಡ, ಹಾಸನ
ಸೋಮವಾರ, ರಾತ್ರಿ 11.20

ಲಕ್ಕಮ್ಮನ ಅಕ್ಕ ಮೋಶೆಯ ಕಾಲದಲ್ಲೂ ಇದ್ದಳು ಅನ್ನಿಸುತ್ತದೆ. ವಿಮೋಚನಕಾಂಡ 16ರಲ್ಲಿ ಅರಣ್ಯದಲ್ಲಿ ದೇವರು ಸುರಿಸಿದ ಮನ್ನ ಎಂಬ ಆಹಾರವನ್ನು ಆಯಾ ದಿನಕ್ಕೆ ಬೇಕಾದಷ್ಟೇ ಆಯಬೇಕು, ಬೆಳಗಿನವರೆಗೆ ಇಟ್ಟುಕೊಂಡದ್ದು ಹುಳ ಬಿದ್ದು ನಾರಿತು ಎಂದಿದೆ. ಆರನೆಯ ದಿನ ಮಾತ್ರ ಎರಡರಷ್ಟು, ಏಕೆಂದರೆ ಮಾರನೆಯ ದಿನ ಸಬ್ಬತ್, ಕೆಲಸ ಮಾಡಬಾರದ ವಿಶ್ರಾಂತಿಯ ದಿನ. ಹಾಗೆ ನೋಡಿದರೆ ನಾಳೆಯ ರೊಟ್ಟಿ ಇಂದೇ ಸಿಗುವ ದಿನವೂ ವಾರಕ್ಕೊಂದಿತ್ತು.

---

ತೋಟದ ರೈಟರ್, ಚಿಕ್ಕಮಗಳೂರು
ಮಂಗಳವಾರ, ಸಂಜೆ 7.30

ಎಲ್ಲರಿಗೂ ನಮಸ್ಕಾರ. ಜಗಳ ಮುಗಿಸುವ ದಾಖಲೆ ಸಿಕ್ಕಿದೆ!

ಈಜಿಪ್ಟಿನ ಹವಾರದಲ್ಲಿ ಫ್ಲಿಂಡರ್ಸ್ ಪೆಟ್ರಿ ಅಗೆದು ತೆಗೆದ ಪಪೈರಸ್ ಹಾಳೆಗಳಲ್ಲಿ ಒಂದು ಮನೆಖರ್ಚಿನ ಲೆಕ್ಕದ ಪಟ್ಟಿ ಇತ್ತು. ಅದನ್ನು ಓದಿ 1889ರಲ್ಲಿ ಪ್ರಕಟಿಸಿದವನು ಎ. ಎಚ್. ಸೇಸ್. ಆ ಪಟ್ಟಿಯಲ್ಲಿ ‘ಎಪಿಯೂಸಿ’ ಎಂದು ಅರ್ಧಕ್ಕೆ ನಿಂತ ಒಂದು ಪದವಿದೆ. ಬೈಬಲಿನ ಹೊರಗೆ, ಸಾಮಾನ್ಯನೊಬ್ಬನ ಲೆಕ್ಕದ ಪುಸ್ತಕದಲ್ಲಿ! ವಿದ್ವಾಂಸರು ಇದಕ್ಕೆ ‘ದಿನದ ಪಡಿ’ ಎಂದು ಅರ್ಥ ಮಾಡಿದರು. ನಾನು ತೋಟದ ಲೆಕ್ಕ ಬರೆದೇ ಹೊಟ್ಟೆ ಹೊರೆಯುವವನು, ಇದಕ್ಕಿಂತ ಸಂತೋಷದ ಸುದ್ದಿ ನನಗೆ ಬೇರೆ ಬೇಕೇ? ಸಂತರು, ಪಂಡಿತರು ಬಿಡಿಸಲಾರದ ಗಂಟನ್ನು ಒಬ್ಬ ರೈಟರ್ ಬಿಡಿಸಿದ. ಅನುದಿನವೇ ಗೆದ್ದಿತು.

---

ಸಕಲೇಶಪುರದ ಮಳೆ
ಮಂಗಳವಾರ, ರಾತ್ರಿ 9.05

ರೈಟರೇ, ಬೇಜಾರು ಮಾಡಿಕೊಳ್ಳಬೇಡಿ. ಆ ಹಾಳೆಯ ಕಥೆ ಅಲ್ಲಿಗೆ ಮುಗಿದಿಲ್ಲ.

ಸೇಸ್ ಓದಿದ ಮೇಲೆ ಪಪೈರಸ್ ಎಲ್ಲೋ ಕಳೆದುಹೋಯಿತು. ಅವನ ಓದನ್ನು ಮರುಪರಿಶೀಲಿಸಲು ಯಾರಿಗೂ ಆಗಲಿಲ್ಲ, ನೂರು ವರ್ಷ ನಿಘಂಟುಗಳೆಲ್ಲ ಅವನೊಬ್ಬನ ಕಣ್ಣನ್ನೇ ನಂಬಿಕೊಂಡಿದ್ದವು. 1998ರಲ್ಲಿ ಅದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯದಲ್ಲಿ ಪತ್ತೆಯಾಯಿತು. ಮತ್ತೆ ಓದಿ ನೋಡಿದರೆ ಅಲ್ಲಿರುವುದು ಎಪಿಯೂಸಿ ಅಲ್ಲ, ‘ಎಲಾಯೂ’. 1999ರಲ್ಲಿ ನೈಮನ್ ಮತ್ತು ವೋರ್ಪ್ ಎಂಬ ಇಬ್ಬರು ಇದನ್ನು ಪ್ರಕಟಿಸಿದರು.

ಎಲಾಯೂ ಎಂದರೆ ಎಣ್ಣೆಯದು.

---

ತೋಟದ ರೈಟರ್, ಚಿಕ್ಕಮಗಳೂರು
ಮಂಗಳವಾರ, ರಾತ್ರಿ 9.40

ಎಣ್ಣೆ!

ಹತ್ತು ನಿಮಿಷ ಸುಮ್ಮನೆ ಕುಳಿತಿದ್ದೆ. ನನಗೇ ಹೊಳೆಯಬೇಕಾಗಿತ್ತು. ಖರ್ಚಿನ ಪಟ್ಟಿಯಲ್ಲಿ ‘ದಿನದ ಪಡಿ’ ಎಂದು ಯಾವ ರೈಟರ್ ಬರೆಯುತ್ತಾನೆ? ಅಕ್ಕಿ ಇಷ್ಟು, ಬೇಳೆ ಇಷ್ಟು, ಎಣ್ಣೆ ಇಷ್ಟು ಎಂದು ಬರೆಯುತ್ತಾನೆ. ನಮ್ಮ ಕಚೇರಿಯಲ್ಲಿ ನನಗಿಂತ ಹಿಂದೆ ಇದ್ದವರ ಚೆಕ್‌ರೋಲ್ ಎಂಬ ಆಳುಗಳ ಹಾಜರಿ ಪುಸ್ತಕಗಳಿವೆ. ಅವರ ಕೈಬರಹದಲ್ಲಿ ‘ಮರಗಸಿ’ಯನ್ನು ನಾನು ಒಂದು ವರ್ಷ ‘ಮರಗೆಣಸು’ ಎಂದು ಓದಿಕೊಂಡಿದ್ದೆ. ಕಾಫಿ ಗಿಡಗಳ ಮೇಲಿನ ನೆರಳಿನ ಮರದ ಕೊಂಬೆ ಕಡಿಯಲು ಇಪ್ಪತ್ತು ಆಳು ಹೋದದ್ದನ್ನು, ಗೆಣಸು ಕೀಳಲು ಹೋದರು ಎಂದುಕೊಂಡಿದ್ದವನು ನಾನು. ಆದ್ದರಿಂದ ಸೇಸ್‌ನನ್ನು ಬೈಯುವ ಹಕ್ಕು ನನಗಿಲ್ಲ.

ಹಾಗಾದರೆ ಬೈಬಲಿನ ಹೊರಗೆ ಈ ಪದಕ್ಕೆ ಇದ್ದ ಒಂದೇ ಸಾಕ್ಷಿಯೂ ಹೋಯಿತು. ಆರಿಜನ್ ಹೇಳಿದಲ್ಲಿಗೇ ಬಂದು ನಿಂತೆವು.

---

ಮೂಲವೊಂದೇ
ಬುಧವಾರ, ಬೆಳಿಗ್ಗೆ 7.15

ಎಣ್ಣೆಯ ವಿಷಯ ನನಗೆ ಗೊತ್ತಿರಲಿಲ್ಲ, ಕೊಟ್ಟದ್ದಕ್ಕೆ ವಂದನೆ. ನನ್ನ ಅಭಿಪ್ರಾಯ ಬಿಟ್ಟಿಲ್ಲ. ಆದರೆ ಒಂದು ಪ್ರಶ್ನೆ: ಅದೇ ‘ಆರ್ಟೊಸ್’ ಪದಕ್ಕೆ ಕನ್ನಡದಲ್ಲಿ 4:4ರಲ್ಲಿ ‘ರೊಟ್ಟಿ’, ಕೊನೆಯ ಭೋಜನದ 26:26ರಲ್ಲಿ ‘ರೊಟ್ಟಿ’, ಈ ಪ್ರಾರ್ಥನೆಯಲ್ಲಿ ಮಾತ್ರ ‘ಆಹಾರ’. ಮೂರೂ ಕಡೆ ಒಂದೇ ಪದ ಇಟ್ಟಿದ್ದರೆ ಓದುವವರಿಗೆ ನಂಟು ಕಾಣುತ್ತಿತ್ತು. ಸೈತಾನನು ಕೇಳಿದ ರೊಟ್ಟಿ, ನಾವು ಬೇಡುವ ರೊಟ್ಟಿ, ಯೇಸು ಮುರಿದ ರೊಟ್ಟಿ. ಇದನ್ನಾದರೂ ಒಪ್ಪುತ್ತೀರಾ?

---

ಹೇಮಾವತಿ ದಡ, ಹಾಸನ
ಬುಧವಾರ, ಬೆಳಿಗ್ಗೆ 8.00

ಪೂರ್ತಿ ಒಪ್ಪುತ್ತೇನೆ. ಈ ಎಳೆಯಲ್ಲಿ ನೀವು ಬರೆದದ್ದರಲ್ಲಿ ಇದು ಎಲ್ಲಕ್ಕಿಂತ ಒಳ್ಳೆಯದು. ಆದರೂ ಅಜ್ಜಿಯ ಪರವಾಗಿ ಒಂದು ಮಾತು. ಹಾಸನದ ಸೀಮೆಯಲ್ಲಿ ರೊಟ್ಟಿ ಎಂದರೆ ಬೆಳಗಿನ ತಿಂಡಿ. ಹೊಟ್ಟೆ ತುಂಬಬೇಕಾದರೆ ಮುದ್ದೆ ಬೇಕು. ದೇವರ ಹತ್ತಿರ ಬೆಳಗಿನ ತಿಂಡಿ ಮಾತ್ರ ಕೇಳಿ ಸುಮ್ಮನಾಗಲು ಅವರು ಒಪ್ಪುತ್ತಿರಲಿಲ್ಲ.

---

ನಿವೃತ್ತ ಮೇಷ್ಟ್ರು, ಹಾಸನ
ಬುಧವಾರ, ಸಂಜೆ 5.20

ಸಕಲೇಶಪುರದ ಅಮ್ಮನವರು ಎತ್ತಿದ ತೊಡಕಿಗೆ ಉತ್ತರ ಬಾಕಿ ಇತ್ತು. ‘ಎಪಿಯೂಸ’ವು ‘ನಾಳೆ’ಯ ತದ್ರೂಪವಲ್ಲ. ಅದು ‘ಎದುರಿಗೆ ಬರುತ್ತಿರುವುದು’. ಬೆಳಗಿನ ಜಾವ ಹೇಳಿದರೆ ಈ ಹಗಲು, ಸಂಜೆ ಹೇಳಿದರೆ ಮಾರನೆಯ ಹಗಲು. ಔರಿಯೊನ್ ಎಂದಿದ್ದರೆ ನಾಳೆಗೇ ಕಟ್ಟಿಬೀಳುತ್ತಿತ್ತು. ಕನ್ನಡದಲ್ಲಿ ‘ಬರುವ ಹೊತ್ತಿನ ಊಟ’ ಎಂದರೆ ಹತ್ತಿರ ಬಂದೀತು ಎಂದು ನನ್ನ ಊಹೆ. ಹಾಗೆ ಓದಿದರೆ 34ನೇ ವಚನದ ಜೊತೆ ಜಗಳವೂ ಇಲ್ಲ. ಬರುವ ಹೊತ್ತಿನದು ಕೈಯಲ್ಲಿದ್ದರೆ ತಾನೇ ನಾಳಿನ ಚಿಂತೆ ಬಿಡಲು ಆಗುವುದು?

---

ಬೇಲೂರಿನವಳು
ಬುಧವಾರ, ಸಂಜೆ 6.45

‘ಬರುವ ಹೊತ್ತಿನ ಊಟ’ ಚೆನ್ನಾಗಿದೆ. ಲಕ್ಕಮ್ಮ ಒಂದು ಹೊತ್ತಿನದಕ್ಕೆ ಬೇಡ ಎನ್ನಲಾರಳು.

---

ತೋಟದ ರೈಟರ್, ಚಿಕ್ಕಮಗಳೂರು
ಗುರುವಾರ, ರಾತ್ರಿ 9.55

ಇಂದು ನಡೆದದ್ದನ್ನು ಬರೆಯುತ್ತೇನೆ.

ಪುಷ್ಯ ಮಳೆ ಹಿಡಿದುಕೊಂಡು ಐದು ದಿನವಾಯಿತು. ತೋಟದಲ್ಲಿ ಕೆಲಸ ನಿಂತಿದೆ. ನಮ್ಮಲ್ಲಿ ಬಟವಾಡೆ ಶನಿವಾರ. ಹಾಜರಿ ಇಲ್ಲದಿದ್ದರೆ ಶನಿವಾರ ಬಂದರೂ ಕೈಗೆ ಬರುವುದು ಅಷ್ಟಕ್ಕಷ್ಟೇ. ಸಂಜೆ ನಾಲ್ಕರ ಹೊತ್ತಿಗೆ ಕೂಲಿಯವರ ಲೈನ್ ಮನೆಯ ಒಬ್ಬ ಹೆಂಗಸು ತಲೆಯ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಕಚೇರಿಯ ಕಿಟಕಿಯ ಹತ್ತಿರ ಬಂದು ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ, ನೆಲ ಒದ್ದೆಯಾಗುತ್ತದೆ ಎಂದಳು. ಕೊಪ್ಪೆಯ ಅಂಚಿನಿಂದ ನೀರು ಕಿಟಕಿಯ ಹಲಗೆಯ ಮೇಲೆ ಸುರಿಯುತ್ತಿತ್ತು. ನಾನು ಚೆಕ್‌ರೋಲ್ ಹಿಂದಕ್ಕೆ ಎಳೆದುಕೊಂಡೆ. ಅವಳು ಹೇಳಿದ್ದು ಒಂದೇ ಮಾತು: “ರೈಟರೇ, ನಾಳೆಗೆ ಅಕ್ಕಿ ಇಲ್ಲ. ಇವತ್ತೇ ಕೊಡಿ.”

ನಾನು ಪೆನ್ನು ಹಿಡಿದವನು ಹಾಗೆಯೇ ಉಳಿದೆ. ನಾಳೆಯದು, ಇಂದು, ಕೊಡು. ಎಪಿಯೂಸಿಯೊನ್, ಸೆಮೆರೊನ್, ಡೊಸ್. ನಾಲ್ಕು ದಿನದಿಂದ ನಾವು ಬಿಡಿಸಿ ಜೋಡಿಸುತ್ತಿದ್ದ ಮೂರು ಪದಗಳು ಅದೇ ಕ್ರಮದಲ್ಲಿಯಲ್ಲದಿದ್ದರೂ ಕಿಟಕಿಯ ಆಚೆ ನಿಂತಿದ್ದವು. ನಾಳೆಯ ಚಿಂತೆ ಮಾಡಬೇಡ ಎಂದು ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಅವಳು ಆರು ತಿಂಗಳ ದಾಸ್ತಾನು ಕೇಳುತ್ತಿರಲಿಲ್ಲ. ಬೆಳಿಗ್ಗೆ ಒಲೆಯ ಮೇಲೆ ಇಡುವುದಕ್ಕೆ ಕೇಳುತ್ತಿದ್ದಳು.

ಮತ್ತಾಯನ 20ನೇ ಅಧ್ಯಾಯದ ದ್ರಾಕ್ಷಿತೋಟದ ಕೂಲಿಯವರೂ ದಿನಕ್ಕೆ ಒಂದು ದಿನಾರಿಯಂತೆ ಮಾತಾಡಿಕೊಂಡವರು. ಸಂಜೆಯಾದಾಗ ಯಜಮಾನ ಪಾರುಪತ್ಯಗಾರನನ್ನು ಕರೆದು ಕೂಲಿ ಕೊಡಿಸುತ್ತಾನೆ. ಸಂಜೆ ಕೈಗೆ ಬಂದ ಕಾಸು ಮಾರನೆಯ ಹಗಲಿನ ರೊಟ್ಟಿಯೇ ಅಲ್ಲವೇ? ದಿನಗೂಲಿಯವನಿಗೆ ಇಂದಿನದೂ ನಾಳೆಯದೂ ಬೇರೆಬೇರೆ ರೊಟ್ಟಿಗಳಲ್ಲ. ಮೇಷ್ಟ್ರು ಸಂಧಿಯಿಂದ ಬಂದ ಜಾಗಕ್ಕೆ ನಾನು ಚೆಕ್‌ರೋಲ್‌ನಿಂದ ಬಂದೆ. ಗ್ರೀಕ್ ಕಲಿಯದೆ ಇದ್ದಿದ್ದರೆ ಅವಳ ಮಾತನ್ನು ನಾನು ಕಿವಿಗೊಟ್ಟು ಕೇಳುತ್ತಲೇ ಇರಲಿಲ್ಲವೇನೋ. ‘ಮುಂಗಡ’ ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸುತ್ತಿದ್ದೆ. ಇಂದೂ ಬರೆದದ್ದು ಅದನ್ನೇ, ಬೇರೆ ಕಲಮು ಪುಸ್ತಕದಲ್ಲಿ ಇಲ್ಲ.

---

ಸಕಲೇಶಪುರದ ಮಳೆ
ಗುರುವಾರ, ರಾತ್ರಿ 10.30

ರೈಟರೇ, ಹಾಗಾದರೆ ಭಾನುವಾರಕ್ಕೆ 12ನೇ ವಚನ ತೆಗೆದುಕೊಳ್ಳಿ. ಕನ್ನಡದಲ್ಲಿ ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಎಂದಿದೆ. ಮತ್ತಾಯನ ಗ್ರೀಕಿನಲ್ಲಿರುವ ಪದ ‘ಒಫೆಯ್ಲೆಮಾಟ’. ನಿಘಂಟು ನೋಡುವ ಮೊದಲು ನಿಮ್ಮ ಮುಂಗಡದ ಪುಟ ನೋಡಿ.

---

ತೋಟದ ರೈಟರ್, ಚಿಕ್ಕಮಗಳೂರು
ಗುರುವಾರ, ರಾತ್ರಿ 10.50

ನೋಡಿದೆ. ಸಾಲಗಳು.

ಲೂಕ ಅದೇ ಜಾಗದಲ್ಲಿ ‘ಪಾಪಗಳು’ ಎಂದಿದ್ದಾನೆ, ಆದರೆ ಮುಂದಿನ ತುಂಡಿನಲ್ಲಿ ಅವನೂ ‘ಸಾಲ ಇರುವವರು’ ಎಂದೇ ಬರೆಯುತ್ತಾನೆ. ಮಳೆ ಬಿಡದಿದ್ದರೆ ಭಾನುವಾರ ನಮ್ಮ ಮನೆಯಲ್ಲೇ ಸೇರುತ್ತೇವೆ. ಹಾಸನದಿಂದ ಮೇಷ್ಟ್ರು ಬರುವುದಾದರೆ ಮುದ್ದೆಗೂ ಏರ್ಪಾಡು ಮಾಡಿಸುತ್ತೇನೆ.